ಜೊತೆಗೆ ಬರುವವರ ಹೆಸರು

ಫೆಬ್ರವರಿ 6

ಪ್ರೀತಿಯ ಚುಕ್ಕಿಗೆ,

ಈ ಕಾಗದವನ್ನು ನಿನ್ನ ಹಳೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಮನೆ ಬದಲಿಸಿದ್ದರೆ ಯಾರಾದರೂ ಪುಣ್ಯಾತ್ಮರು ನಿನಗೆ ತಲುಪಿಸಲಿ. ನೀನು ಫೋನ್ ನಂಬರು ಬದಲಿಸಿ ನಾಲ್ಕು ವರ್ಷವಾಯಿತು. ಹೊಸದು ನೀನು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಅಪ್ಪನಿಗೆ ಹುಷಾರಿಲ್ಲ. ಹೋದ ತಿಂಗಳು ಹನ್ನೆರಡರಂದು ಅಂಗಡಿಯಲ್ಲಿ ದೊಡ್ಡ ತಕ್ಕಡಿಯ ಮುಳ್ಳು ಸರಿಮಾಡುತ್ತಿದ್ದವರು ಹಾಗೇ ಮುಂದಕ್ಕೆ ವಾಲಿದರು. ನಾನು ಗಿರಾಕಿಯ ಹತ್ತಿರ ಮಾತಾಡುತ್ತಿದ್ದೆ. ತಟ್ಟೆ ಬಿದ್ದ ಸದ್ದಿಗೆ ತಿರುಗಿ ನೋಡಿದರೆ ಅಪ್ಪ ನೆಲದ ಮೇಲೆ. ಎರಡೂ ಮೂತ್ರಪಿಂಡ ಕೈಕೊಟ್ಟಿವೆಯಂತೆ. ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಯಂತ್ರಕ್ಕೆ ಹಚ್ಚಿ, ರಕ್ತ ತೊಳೆಸಿಕೊಂಡು ಬರಬೇಕು. ನಮ್ಮ ಮನೆಯ ಮೂವತ್ತೆರಡು ಮೆಟ್ಟಿಲು ನಿನಗೆ ಗೊತ್ತಲ್ಲ. ಇಳಿಯುವುದು ಹೇಗೋ ಆಗುತ್ತದೆ. ಹತ್ತುವಾಗ ಆರೇಳು ಮೆಟ್ಟಿಲಿಗೊಮ್ಮೆ ಕೂರುತ್ತಾರೆ. ಕೂತಾಗ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ, ಯಾರೂ ನೋಡಬಾರದು ಅಂತ.

ನನ್ನ ಸಕ್ಕರೆ ಕಾಯಿಲೆ, ಬೆನ್ನುನೋವು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಮ್ಮ ಇದ್ದಿದ್ದರೆ ಆ ಮಾತು ಬೇರೆ.

ಆದಷ್ಟು ಬೇಗ ಬಾ. ಒಬ್ಬಳೇ ಬಾ. ನಿನ್ನ ಜೊತೆ ಇರುವ ಆ ಮನುಷ್ಯನ ವಿಷಯ ನಮ್ಮ ಕಿವಿಗೂ ಬಿದ್ದಿದೆ. ಅದನ್ನು ಈಗ ಎತ್ತುವುದಿಲ್ಲ. ಇದು ಮನೆಯೊಳಗಿನ ಕಷ್ಟ, ಮನೆಯವರೇ ಸಾಕು.

ದಾರಿ ನೋಡುತ್ತಿರುವ,
ಅಕ್ಕ


ಫೆಬ್ರವರಿ 15

ಅಕ್ಕನಿಗೆ,

ಕಾಗದ ತಲುಪಿತು. ಮನೆ ಬದಲಿಸಿಲ್ಲ.

ಮೂರು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೇ ಸಲಕ್ಕೆ ಅಳು ನಿಂತಿತು. ಮೂರನೇ ಸಲ, ನಾಲ್ಕು ವರ್ಷದ ಹಿಂದಿನ ನಿನ್ನ ಕಾಗದ ಹುಡುಕಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಓದಿದೆ. "ಅಪ್ಪನಿಗೆ ಹುಷಾರಿಲ್ಲ. ಆದಷ್ಟು ಬೇಗ ಬಾ. ಒಬ್ಬಳೇ ಬಾ." ಅದೇ ಮೂರು ಮಾತು, ಅದೇ ದುಂಡಗಿನ ಅಕ್ಷರ.

ಆಗ ಸಿಕ್ಕ ವಿಮಾನ ಹತ್ತಿ ಓಡಿ ಬಂದೆ. ಅಪ್ಪ ಗುಂಡುಕಲ್ಲಿನ ಹಾಗೆ ಅಂಗಡಿಯಲ್ಲಿ ಕೂತು ತೂಕದ ಬಟ್ಟು ಒರೆಸುತ್ತಿದ್ದರು. ಮೇಲೆ ಮನೆಯ ಹಜಾರದಲ್ಲಿ ಹೊಸ ಷರಟು ತೊಟ್ಟ ಗಂಡು, ಅವನ ಕಡೆಯ ಮೂರು ಜನ, ಚಹಾ ಕುಡಿಯುತ್ತಿದ್ದರು. ನಾನು ಒಲ್ಲೆ ಅಂದದ್ದಕ್ಕೆ ನನ್ನ ಪಾಸ್‌ಪೋರ್ಟ್ ಹತ್ತೊಂಬತ್ತು ದಿನ ಕಬ್ಬಿಣದ ಬೀರುವಿನಲ್ಲಿ ಕೂತಿತು. ಬೀಗದ ಕೈ ನಿನ್ನ ಸೊಂಟದಲ್ಲಿತ್ತು. ಕೊನೆಗೆ ಅಪ್ಪನ ಅಂಗಡಿಯ ಉಳಿ ತಂದು ನಾನೇ ಬೀಗ ಮೀಟಿದೆ. ನೀನು ಬಾಗಿಲಲ್ಲಿ ನಿಂತು ನೋಡಿದೆ.

ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಕಾಯಿಲೆ ನಿಜವಾಗಿದ್ದರೆ ನನ್ನನ್ನು ಕ್ಷಮಿಸು. ಆದರೆ ನಿಜ ಅನ್ನುವುದನ್ನು ನೀನಲ್ಲ, ಆಸ್ಪತ್ರೆ ಹೇಳಲಿ. ಅವರ ಕಾಗದ, ಅವರ ಸೀಲು, ವೈದ್ಯರ ಸಹಿ ಕಳಿಸು.

ಮತ್ತೆ, ನಾನು ಒಬ್ಬಳೇ ಬರುವುದಿಲ್ಲ. ಅವನು ಈ ದೇಶದವನು, ಅಲ್ಲಿಗೆ ಬರಲು ವೀಸಾ ಬೇಕು. ವಿಚಾರಿಸಿದ್ದೇವೆ. ಪ್ರವಾಸಿ ವೀಸಾಕ್ಕೆ ಸಂದರ್ಶನದ ದಿನ ಸಿಗುವುದೇ ಹನ್ನೊಂದು ವಾರದ ಮೇಲೆ. ಗಂಡ ಅಂತ ಬರುವ ವೀಸಾಕ್ಕೆ ಆರು ತಿಂಗಳು. ರೋಗಿಯ ಆರೈಕೆಗೆ ಬರುವವರ ವೀಸಾ ಒಂದೇ ಎರಡು ಮೂರು ವಾರದಲ್ಲಿ ಆಗುತ್ತದೆ. ಅದಕ್ಕೆ ಆಸ್ಪತ್ರೆಯ ಕಾಗದದಲ್ಲಿ "ಜೊತೆಗೆ ಬರುವವರ ಹೆಸರು" ಅನ್ನುವ ಕಡೆ ಅವನ ಹೆಸರು, ಪಾಸ್‌ಪೋರ್ಟ್ ನಂಬರು ಇರಬೇಕು. ಬರೆಸಬೇಕಾದವರು ರೋಗಿಯ ಮನೆಯವರು, ಅಂದರೆ ನೀನು. ಎರಡನ್ನೂ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ನೀನು ಕೇಳುವ ಮೊದಲೇ ಹೇಳುತ್ತೇನೆ: ಅವನು ಬಸ್ ಓಡಿಸುತ್ತಾನೆ. ಮೂರು ವರ್ಷದಿಂದ ಜೊತೆಗಿದ್ದೇವೆ. ಮದುವೆಯ ನೋಟಿಸು ಜನವರಿಯಲ್ಲೇ ಹಾಕಿದ್ದೇವೆ, ಈ ತಿಂಗಳು ಇಪ್ಪತ್ತೇಳಕ್ಕೆ ರಿಜಿಸ್ಟರ್. ನಾನು ಕೆಲಸ ಮಾಡುವ ಕಟ್ಟುಹಲ್ಲಿನ ಕಾರ್ಖಾನೆಯಲ್ಲಿ ಮೂರು ವಾರ ರಜೆ ಕೇಳಿದ್ದೇನೆ, ಅವನು ಸಂಬಳವಿಲ್ಲದ ಮೂರು ತಿಂಗಳ ರಜೆ ಕೇಳಿದ್ದಾನೆ.

ಚುಕ್ಕಿ


ಫೆಬ್ರವರಿ 24

ಚುಕ್ಕಿ,

ಹೆತ್ತ ಅಪ್ಪನ ಕಾಯಿಲೆಗೆ ಸೀಲು ಕೇಳಿದ ಮೊದಲ ಮಗಳು ನೀನೇ ಇರಬೇಕು. ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. "ಕೇಳಲಿ ಬಿಡು. ನಲವತ್ತು ವರ್ಷ ಊರವರ ತಕ್ಕಡಿನೆಲ್ಲ ಅನುಮಾನದಿಂದ ನೋಡಿ ಹೊಟ್ಟೆ ಹೊರೆದೋನು ನಾನು. ನನ್ನ ಮಗಳು ಇನ್ನು ಹೇಗಿರ್ತಾಳೆ?" ಅಂದರು.

ಈಗ ನಾನು ಕೇಳುತ್ತೇನೆ. ಮೂರು ವರ್ಷ ನೋಟಿಸು ಗೀಟಿಸು ಇಲ್ಲದೆ ಇದ್ದವರಿಗೆ ಈ ಜನವರಿಯಲ್ಲೇ ಏನು ಅವಸರ ಬಂತು? ಅಪ್ಪ ಬಿದ್ದದ್ದೂ ಜನವರಿಯಲ್ಲಿ. ಯಾರಾದರೂ ಸುದ್ದಿ ಮುಟ್ಟಿಸಿದ್ದರೋ? ಆ ಮನುಷ್ಯನ ಕಣ್ಣು ನಿನ್ನ ಮೇಲಿದೆಯೋ, ನಮ್ಮ ಮನೆ ಅಂಗಡಿಯ ಮೇಲಿದೆಯೋ? ಬಸ್ ಓಡಿಸುವವನಿಗೆ ತಿಂಗಳುಗಟ್ಟಲೆ ರಜೆ ಕೊಡುವ ಧಣಿ ಯಾರು? ಹೆಂಡತಿಯ ತವರಿಗೆ ಬರಲು ಇಷ್ಟು ತುದಿಗಾಲಲ್ಲಿ ನಿಂತ ಗಂಡಸನ್ನು ನಾನಂತೂ ಕಂಡಿಲ್ಲ. ಕೂತು ಉಣ್ಣುವವರ ಲಕ್ಷಣ ನನಗೆ ದೂರದಿಂದಲೇ ಗೊತ್ತಾಗುತ್ತದೆ.

ಆಸ್ಪತ್ರೆಯ ಕಾಗದ ಇದರ ಜೊತೆಗಿದೆ. ಸೀಲು ಎರಡು ಕಡೆ ಹಾಕಿಸಿದ್ದೇನೆ, ನಿನ್ನ ಸಮಾಧಾನಕ್ಕೆ. ಅದರಲ್ಲಿ ಬರೆದದ್ದನ್ನು ಓದಿ ಗಾಬರಿಯಾಗಬೇಡ. ಬಂದ ಮೇಲೆ ಎದುರು ಕೂತು ಮಾತಾಡುವ ವಿಷಯ ಅದು.

ನೀನು ಇಟ್ಟಿದ್ದ ಚೀಟಿ ಎಲ್ಲೋ ಕಳೆದುಹೋಯಿತು.

ಅಕ್ಕ


ಮಾರ್ಚ್ 6

ಅಕ್ಕನಿಗೆ,

ಆಸ್ಪತ್ರೆಯ ಕಾಗದವನ್ನು ಇಲ್ಲಿಯ ಒಬ್ಬ ವೈದ್ಯರಿಗೂ ತೋರಿಸಿದೆ. ಕಾಯಿಲೆ ನಿಜ. ನಿನ್ನನ್ನು ಅನುಮಾನಿಸಿದ್ದಕ್ಕೆ ಅರ್ಧ ತಪ್ಪೊಪ್ಪಿಕೊಳ್ಳುತ್ತೇನೆ. ಇನ್ನರ್ಧ ಕೈಯಲ್ಲೇ ಇರಲಿ. ಯಾಕೆಂದರೆ ಆ ಕಾಗದದಲ್ಲಿ ನನ್ನ ಹೆಸರಿನ ಮುಂದೆ "ಮಗಳು" ಅಂತ ಇಲ್ಲ, "ಸಂಭಾವ್ಯ ದಾನಿ" ಅಂತ ಇದೆ.

ಇದನ್ನು ನೀನು ಮೊದಲ ಕಾಗದದಲ್ಲೇ ಬರೆಯಬಹುದಿತ್ತು. ಮೆಟ್ಟಿಲಿನ ವಿಷಯ ಬರೆದೆ, ನಿನ್ನ ಸಕ್ಕರೆಯ ವಿಷಯ ಬರೆದೆ. ನನ್ನಿಂದ ಬೇಕಾದ್ದು ಏನು ಅನ್ನುವುದನ್ನು ಮಾತ್ರ ಬರೆಯಲಿಲ್ಲ.

ಚೀಟಿ ಕಳೆಯಿತು ಅಂದೆ. "ಜೊತೆಗೆ ಬರುವವರ ಹೆಸರು" ಅನ್ನುವ ಕಡೆ ಖಾಲಿ ಇಲ್ಲ ಅಕ್ಕ, ಅಡ್ಡಗೆರೆ ಎಳೆದಿದೆ. ಚೀಟಿ ಕಳೆದುಕೊಂಡವರು ಜಾಗ ಖಾಲಿ ಬಿಡುತ್ತಾರೆ. ಬೇಡ ಅನ್ನುವವರು ಗೆರೆ ಎಳೆಯುತ್ತಾರೆ.

ಇರಲಿ. ದಾನಿಯ ಗಂಡನಿಗೂ ಆ ವೀಸಾ ಕೊಡುತ್ತಾರಂತೆ, ಅದಕ್ಕೇ ಅರ್ಜಿ ಹಾಕಿದ್ದೇವೆ. ನೀನು ಬಚ್ಚಿಟ್ಟ ಮಾತಿನಿಂದಲೇ ನಮಗೊಂದು ಬಾಗಿಲು ತೆರೆಯಿತು. ನಿನ್ನೆ ಸಂದರ್ಶನವಾಯಿತು. ವೀಸಾ ಕಚೇರಿಯ ಅಧಿಕಾರಿ ಒಬ್ಬ ಹೆಂಗಸು. ಮದುವೆಯ ಪ್ರಮಾಣಪತ್ರದ ತಾರೀಖು ನೋಡಿ ಹುಬ್ಬೇರಿಸಿದರು. "ಆರು ದಿನದ ಮದುವೆ. ವೀಸಾಕ್ಕಾಗಿ ಮಾಡಿಕೊಂಡದ್ದಲ್ಲ ಅಂತ ನಾನು ಹೇಗೆ ನಂಬಲಿ?" ಅಂದರು. ನಮ್ಮಿಬ್ಬರ ಫೋಟೊಗಳನ್ನು ತಿರುವಿ ನೋಡಿ ಪಕ್ಕಕ್ಕಿಟ್ಟರು. ಈ ಸಂಬಂಧ ಮನೆಯವರಿಗೆ ಗೊತ್ತಿದೆ ಅನ್ನುವ ಒಂದು ಕಾಗದ ಬೇಕಂತೆ. ಇಪ್ಪತ್ತನೇ ತಾರೀಖಿನೊಳಗೆ.

ಎರಡು ಸಾಲು ಸಾಕು. ಹೊಗಳಬೇಡ. ಗೊತ್ತು ಅಂತ ಬರೆ, ಅಷ್ಟೇ.

ಚುಕ್ಕಿ


ಮಾರ್ಚ್ 13

ಚುಕ್ಕಿಗೆ,

ಬರೆದು ಹಾಕಿದ್ದೇನೆ. ನೇರವಾಗಿ ಆ ಕಚೇರಿಗೇ ಕಳಿಸಿದ್ದೇನೆ.

ದಾನದ ವಿಷಯ. ಅದನ್ನು ಕಾಗದದಲ್ಲಿ ಕೇಳುವುದು ಹೇಗೆ, ನೀನೇ ಹೇಳು. ನಾಲ್ಕು ವರ್ಷ ಮಾತು ಬಿಟ್ಟ ತಂಗಿಗೆ, ಕ್ಷೇಮ, ನಿನ್ನದೊಂದು ಮೂತ್ರಪಿಂಡ ಕೊಡು ಅಂತ ಬರೆಯಲೇ? ನನ್ನದು ಆಗಿದ್ದರೆ ನಾನು ಯಾರನ್ನೂ ಕೇಳುತ್ತಿರಲಿಲ್ಲ. ಸಕ್ಕರೆ ಇರುವವರದು ಬೇಡ ಅಂದರು.

ಅಪ್ಪನ ಕೈಯಲ್ಲಿ ಸೂಜಿ ಚುಚ್ಚುವ ಜಾಗ ಊದಿಕೊಂಡಿದೆ. ಬೇಗ ಬಾ.

ಅಕ್ಕ


ಮಾರ್ಚ್ 22

ಅಕ್ಕನಿಗೆ,

ನಿನ್ನ ಕಾಗದ ಆ ಕಚೇರಿಗೆ ಬಂದಿಲ್ಲ. ಇಪ್ಪತ್ತನೇ ತಾರೀಖಿನ ಮಧ್ಯಾಹ್ನದವರೆಗೂ ಕಿಟಕಿಯ ಮುಂದೆ ಕಾದೆ. ದಾರಿಯಲ್ಲಿ ಕಳೆಯಿತು ಅಂತ ನೀನು ಹೇಳುತ್ತೀಯ. ನಾನು ಏನೂ ಹೇಳುವುದಿಲ್ಲ.

ಕೈ ಖಾಲಿಯಾದಾಗ ನನ್ನ ಬ್ಯಾಗಿನಲ್ಲಿ ಇದ್ದದ್ದು ನೀನು ನನಗೆ ಬರೆದ ಕಾಗದಗಳು. ಅವನ್ನೇ ಕೊಟ್ಟೆ. ಹೌದು, ಫೆಬ್ರವರಿ ಇಪ್ಪತ್ತನಾಲ್ಕರದ್ದೂ. ಅವರಲ್ಲಿ ನಮ್ಮ ಭಾಷೆ ಬಲ್ಲ ಒಬ್ಬರಿದ್ದರು, ಓದಿ ಹೇಳಿದರು. ಆ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

"ಇವರು ನಿಮ್ಮ ಸ್ವಂತ ಅಕ್ಕನಾ?"

"ಹೌದು."

"ಸುಳ್ಳು ಮದುವೆಯೋರು ಹೊಗಳಿಕೆ ಕಾಗದ ತರ್ತಾರೆ. ಗಂಡನನ್ನ ಹೀಗೆ ಬೈದ ಕಾಗದ ತಂದೋರನ್ನ ನಾನು ಇದೇ ಮೊದಲು ನೋಡ್ತಿರೋದು. ಇಷ್ಟು ಸಿಟ್ಟು ಬಾಡಿಗೆಗೆ ಸಿಗಲ್ಲ."

ಅಲ್ಲೇ ಸೀಲು ಒತ್ತಿದರು. ತೊಂಬತ್ತು ದಿನ, ಒಂದೇ ಸಲದ ಪ್ರವೇಶ. ನಿನ್ನ ಬೈಗುಳದ ನಕಲುಗಳು ಅವನ ಫೈಲಿನಲ್ಲಿ ಸೇರಿಕೊಂಡಿವೆ. ನಾಚಿಕೆ ಆದರೆ ಆಗಲಿ, ನನಗೂ ಆಯಿತು.

ಏಪ್ರಿಲ್ ಎರಡಕ್ಕೆ ಬರುತ್ತೇವೆ. ಇಬ್ಬರ ಪಾಸ್‌ಪೋರ್ಟೂ ಅವನ ಜೇಬಿನಲ್ಲಿರುತ್ತವೆ. ಅದನ್ನು ಯಾರೂ ಕೇಳಬಾರದು.

ಚುಕ್ಕಿ


ಏಪ್ರಿಲ್ 28

ಚುಕ್ಕಿ,

ರಜೆ ಮುಗಿದು ನಿನ್ನ ವಿಮಾನ ಹೋಗಿ ನಾಲ್ಕು ದಿನವಾಯಿತು, ಅಪ್ಪನನ್ನು ನೋಡಿಕೊಳ್ಳಲು ನಿನ್ನವನು ಇಲ್ಲೇ ಉಳಿದಿದ್ದಾನೆ. ಮೂರು ವಾರ ಒಂದೇ ಅಡುಗೆಮನೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡಾಡಿದರೂ ಪಾತ್ರೆ ಪಗಡದ ವಿಷಯ ಬಿಟ್ಟು ಏನೂ ಮಾತಾಡಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಿನ್ನವನ ಫೋನಿನಲ್ಲಿ ಆಡುವ ಮಾತಲ್ಲ ಇದು, ಅವನು ಎದುರಿಗೇ ಕೂತಿರುತ್ತಾನೆ.

ಪರೀಕ್ಷೆಯ ದಿನ ವೈದ್ಯೆ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ತಂಗಿ ಕೊಡೋ ಹಾಗಿಲ್ಲಮ್ಮ. ನಾಲ್ಕನೇ ತಿಂಗಳು ನಡೀತಿದೆ. ನಿಮಗೆ ಹೇಳಿಲ್ವಾ?"

"ಹೇಳಿದ್ದಳು, ನಾನೇ ಮರೆತಿದ್ದೆ" ಅಂದೆ. ಅದು ಮರೆಯುವಂಥ ವಿಷಯವೇ? ಅವರಿಗೂ ಅರ್ಥವಾಯಿತು. ನನ್ನ ಭುಜ ತಟ್ಟಿ ಒಳಗೆ ಹೋದರು. ಆ ತಟ್ಟಿದ್ದು ಇನ್ನೂ ಉರಿಯುತ್ತಿದೆ.

ನೀನು ಗೊತ್ತಿದ್ದೇ ಬಂದೆ. ಕಾಗದದಲ್ಲಿ ದಾನಿ ಅಂತ ಇರುವವರೆಗೆ ಮಾತ್ರ ದಾನಿಯ ಗಂಡನಿಗೆ ವೀಸಾ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡೆ. ಅಪ್ಪ ಆಸೆಯಿಂದ ದಿನ ಎಣಿಸುತ್ತಿದ್ದರು. ಸುಳ್ಳು ಹೇಳಿ ಕರೆಸಿದವಳು ನಾನು, ಸುಳ್ಳು ಹೇಳಿ ಬಂದವಳು ನೀನು. ಒಂದೇ ತಾಯಿಯ ಮಕ್ಕಳು ಅನ್ನುವುದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ.

ನೀನು ಹೋದ ಮಾರನೇ ದಿನ ಆಸ್ಪತ್ರೆಯ ಗುಮಾಸ್ತ ಕರೆದ. ದಾನಿಯೇ ಇಲ್ಲ ಅಂದ ಮೇಲೆ ದಾನಿಯ ಗಂಡನಿಗೇನು ಕೆಲಸ, ಏಳು ದಿನದಲ್ಲಿ ದೇಶ ಬಿಡಬೇಕು, ಇಲ್ಲವೇ ರೋಗಿಯ ಆರೈಕೆಗೆ ಇವನು ಬೇಕು ಅಂತ ಮನೆಯವರು ಸಹಿ ಹಾಕಬೇಕು ಅಂದ. ಹಾಕಿದೆ. ನಂಬಿ ಅಲ್ಲ. ಅಪ್ಪನನ್ನು ಮೆಟ್ಟಿಲು ಇಳಿಸಿ ಹತ್ತಿಸಲು ಆಳು ಬೇಕಿತ್ತು. ಅಪ್ಪ ಅವನಿಗೆ "ಏಣಿ" ಅಂತ ಹೆಸರಿಟ್ಟಿದ್ದಾರೆ, ಅವನ ಉದ್ದ ನೋಡಿ. "ಏಣಿ ಎಲ್ಲಿ? ಏಣಿ ಕರಿ" ಅಂತಾರೆ. ಅವನು ಬಂದು ಮಗುವಿನ ಹಾಗೆ ಎತ್ತಿಕೊಳ್ಳುತ್ತಾನೆ. ಮೂರು ವರ್ಷದಿಂದ ಧೂಳು ತಿನ್ನುತ್ತಿದ್ದ ಅಂಗಡಿಯ ವ್ಯಾನನ್ನು ಬಿಚ್ಚಿ ಜೋಡಿಸಿ ಓಡುವ ಹಾಗೆ ಮಾಡಿದ್ದಾನೆ. ಅಪ್ಪನನ್ನು ಅದರಲ್ಲೇ ಕರೆದೊಯ್ಯುತ್ತಾನೆ.

ಇಷ್ಟು ಒಳ್ಳೆಯತನ ಪುಕ್ಕಟೆ ಬರುವುದಿಲ್ಲ. ಮಂಗಳವಾರ, ಶುಕ್ರವಾರ, ಅಂದರೆ ಅಪ್ಪನ ಆಸ್ಪತ್ರೆ ಇಲ್ಲದ ದಿನ, ಹತ್ತು ಗಂಟೆಗೆ ಒಗೆದ ಷರಟು ಹಾಕಿಕೊಂಡು ಹೊರಡುತ್ತಾನೆ. ಬರುವುದು ಒಂದು ಗಂಟೆಗೆ. ಎಲ್ಲಿಗೆ ಅಂತ ಕೈಸನ್ನೆಯಲ್ಲಿ ಕೇಳಿದರೆ ನಗುತ್ತಾನೆ. ಅವನು ಸ್ನಾನಕ್ಕೆ ಹೋದಾಗ ಷೂ ಒಳಗೂ ಕೈ ಹಾಕಿ ನೋಡಿದೆ, ಏನೂ ಸಿಗಲಿಲ್ಲ.

ಮೈ ಕಡೆ ಜೋಪಾನ. ಸಿಟ್ಟು ಸಿಟ್ಟಿನ ಜಾಗದಲ್ಲಿ, ಇದು ಇದರ ಜಾಗದಲ್ಲಿ.

ಅಕ್ಕ


ಮೇ 8

ಅಕ್ಕನಿಗೆ,

ಹೌದು, ಗೊತ್ತಿತ್ತು. ಜನವರಿಯ ಕೊನೆಯಲ್ಲಿ ಗೊತ್ತಾಯಿತು, ಅದೇ ವಾರ ನೋಟಿಸು ಹಾಕಿದೆವು. ಏನು ಅವಸರ ಅಂತ ಕೇಳಿದ್ದೆಯಲ್ಲ, ಅದೇ ಅವಸರ.

ಹೇಳಿದ್ದರೆ ನೀನು "ಹಾಗಾದರೆ ಬರಬೇಡ" ಅನ್ನುತ್ತಿದ್ದೆ. ಅನ್ನುತ್ತಿರಲಿಲ್ಲ ಅಂತ ಎದೆ ಮುಟ್ಟಿಕೊಂಡು ಹೇಳು. ನನಗೆ ಅಪ್ಪನನ್ನು ನೋಡಬೇಕಿತ್ತು. ಅವನಿಲ್ಲದೆ ಆ ಮನೆಯ ಬಾಗಿಲು ದಾಟುವ ಧೈರ್ಯ ಇರಲಿಲ್ಲ. ಎರಡಕ್ಕೂ ಒಂದೇ ದಾರಿ ಇತ್ತು, ಹಿಡಿದೆ. ಅಪ್ಪನಿಗೆ ಆಸೆ ತೋರಿಸಿ ಕೈಬಿಟ್ಟೆ ಅನ್ನುವುದನ್ನು ನೀನು ಹೇಳಬೇಕಾಗಿಲ್ಲ. ಹಲ್ಲಿನ ಅಚ್ಚು ತೆಗೆಯುವಾಗ ಅದೇ ಯೋಚನೆಯಲ್ಲಿ ಈ ವಾರ ಮೂರು ಸೆಟ್ಟು ಹಾಳು ಮಾಡಿದ್ದೇನೆ.

ಬಂದ ದಿನ ಅಪ್ಪ ನನ್ನ ತೋಳು ಹಿಡಿದು ನೋಡಿ, "ದಪ್ಪಗಾಗಿದ್ದೀಯಲ್ಲೇ" ಅಂದರು. ಅವರಿಗೆ ಆಗಲೇ ಗೊತ್ತಾಗಿತ್ತು ಅನಿಸುತ್ತದೆ. ತೂಕದ ವಿಷಯದಲ್ಲಿ ಅವರು ಮೋಸ ಹೋಗುವವರಲ್ಲ.

ಮಂಗಳವಾರ, ಶುಕ್ರವಾರದ ಮಾತು. ನನಗೂ ಹೇಳಿಲ್ಲ. ಫೋನಿನಲ್ಲಿ ಕೇಳಿದರೆ "ನಡೆದಾಡಲು ಹೋಗುತ್ತೇನೆ" ಅಂದ. ಬಸ್ಸಿನಿಂದ ಇಳಿದರೆ ನೂರು ಹೆಜ್ಜೆ ನಡೆಯುವವನಲ್ಲ ಅವನು. ನೀನು ನೋಡು. ನಿನ್ನ ಕಣ್ಣು ತಪ್ಪಿಸುವುದು ಯಾರಿಗೂ ಆಗುವುದಿಲ್ಲ.

ಚುಕ್ಕಿ


ಮೇ 20

ಚುಕ್ಕಿಗೆ,

ನಿನ್ನೆ ಅಂಗಡಿಗೆ ಬೀಗ ಹಾಕಿ ಅವನ ಹಿಂದೆ ಹೋದೆ. ನಲವತ್ತೆಂಟು ವರ್ಷದ ಹೆಂಗಸು ಕೊಡೆ ಮರೆ ಮಾಡಿಕೊಂಡು, ಬೆನ್ನು ಹಿಡಿದುಕೊಂಡು, ಒಬ್ಬ ಉದ್ದನೆಯ ಗಂಡಸಿನ ಹಿಂದೆ ಓಡುವುದನ್ನು ನೋಡಿದವರು ಏನೆಂದುಕೊಂಡರೋ. ಅವನು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಒಳಗೆ ಹೋದ. ರಕ್ತ ಪರೀಕ್ಷೆಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತ. ತೋಳು ಮಡಚಿಕೊಂಡು ನಿಂತದ್ದು ನೋಡಿದರೆ ಅಲ್ಲಿಗೆ ಹೊಸಬನಲ್ಲ.

ಅವನು ಒಳಗೆ ಹೋದ ಮೇಲೆ ಕಿಟಕಿಯ ಹೆಂಗಸನ್ನು ಕೇಳಿದೆ. "ಇವ್ರಾ? ಇವತ್ತಿಗೆ ಎಲ್ಲ ಪರೀಕ್ಷೆನೂ ಮುಗೀತಲ್ಲ. ಹೊಂದುತ್ತೆ. ನಿಮ್ಮ ತಂದೆಗೇ ಅಲ್ವಾ ಕೊಡೋದು? ನಿಮಗೇ ಗೊತ್ತಿಲ್ವಾ?"

ಹೊರಗೆ ಬೆಂಚಿನ ಮೇಲೆ ಕೂತೆ. ಅವನು ತೋಳಿಗೆ ಹತ್ತಿ ಒತ್ತಿಕೊಂಡು ಬಂದವನು ನನ್ನನ್ನು ನೋಡಿ, ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತ. ಆಮೇಲೆ ಪಕ್ಕದಲ್ಲಿ ಕೂತು, ಎರಡು ಬೆರಳು ತೋರಿಸಿ, "ಅಕ್ಕ. ಎರಡು ಇದೆ. ಅಪ್ಪಗೆ ಒಂದು" ಅಂದ. ನಿನಗೆ ಹೇಳಬಾರದು ಅಂತ ಬಾಯಿಗೆ ಬೆರಳಿಟ್ಟು ತೋರಿಸಿದ. ನಾನು ತಲೆಯಾಡಿಸಿದೆ. ಮನೆಗೆ ಬಂದವಳೇ ನಿನಗೆ ಬರೆಯುತ್ತಿದ್ದೇನೆ.

ರಕ್ತಸಂಬಂಧ ಇಲ್ಲದವರು ಕೊಡಬೇಕಾದರೆ ಒಂದು ಸಮಿತಿ ಒಪ್ಪಬೇಕಂತೆ. ಜೂನ್ ಹತ್ತಕ್ಕೆ ಕರೆದಿದ್ದಾರೆ.

ಚುಕ್ಕಿ, ನನಗೆ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ.

ಅಕ್ಕ


ಮೇ 29

ಅಕ್ಕ,

ಬೇಡ.

ನಾನು ಸಿಗಲಿಲ್ಲ ಅಂತ ಅವನನ್ನು ಹಿಡಿದೆಯಾ? ಅವನಿಗೆ ಇದನ್ನು ಯಾರು ಹೇಳಿಕೊಟ್ಟರು? ಅವನಾಗೇ ಹೋದ ಅಂತ ಬರೆದಿದ್ದೀಯ. ಬೀರುವಿನ ಬೀಗವೂ ತಾನಾಗೇ ಬಿದ್ದಿತ್ತು ಅಂತ ನೀನು ಆಗ ಹೇಳಿದ್ದೆ.

ಸೆಪ್ಟೆಂಬರಿನಲ್ಲಿ ನನಗೆ ಮಗು. ಅವನು ದಿನಕ್ಕೆ ಹತ್ತು ಗಂಟೆ ಸ್ಟೇರಿಂಗ್ ಹಿಡಿಯುವವನು. ಮೈ ಕೊಯ್ಸಿಕೊಂಡವನಿಗೆ ಆ ಕೆಲಸ ಉಳಿಯುತ್ತದೋ ಇಲ್ಲವೋ ಯಾರು ಬಲ್ಲರು? ಫೋನಿನಲ್ಲಿ ಜಗಳವಾಡಿದೆ. "ನೀನು ಕೊಡಲು ಆಗದ್ದನ್ನು ನಾನು ಕೊಡುತ್ತೇನೆ" ಅಂದ. ಅದನ್ನು ಕೇಳಿ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅಪ್ಪ ಬದುಕಬೇಕು ಅಂತ ನನಗೂ ಇದೆ. ಇದು ಬೇಡ ಅಂತಲೂ ಇದೆ. ಎರಡೂ ನಿಜ. ನಾನು ಅವನ ಹೆಂಡತಿ, ನನಗೆ ಒಪ್ಪಿಗೆ ಇಲ್ಲ. ಬರೆದು ಸಹಿ ಹಾಕುತ್ತಿದ್ದೇನೆ. ನೀನು ಇದನ್ನು ಯಾರಿಗೂ ತೋರಿಸುವುದಿಲ್ಲ ಅಂತಲೂ ನನಗೆ ಗೊತ್ತು.

ಚುಕ್ಕಿ


ಜೂನ್ 12

ಚುಕ್ಕಿಗೆ,

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಆಚೆ ಕಡೆ ಮೂರು ಜನ. ಈಚೆಗೆ ನಾನು, ಅವನು, ಒಬ್ಬ ದುಭಾಷಿ. ಅಪ್ಪ ಹೊರಗೆ ಗಾಲಿಕುರ್ಚಿಯಲ್ಲಿದ್ದರು. ಅವನನ್ನು ಅರ್ಧ ಗಂಟೆ ಕೇಳಿ, ಹೊರಗೆ ಕಳಿಸಿ, ನನ್ನ ಕಡೆ ತಿರುಗಿದರು.

"ಇವರು ನಿಮಗೇನಾಗಬೇಕು?" ಮಧ್ಯದಲ್ಲಿದ್ದವರು ಕೇಳಿದರು.

"ತಂಗಿ ಗಂಡ."

"ಅಂದ್ರೆ ರೋಗಿಗೆ ಅಳಿಯ."

"ಅಳಿಯ ಅಲ್ಲ, ಮಗಳ ಗಂಡ" ಅಂದುಬಿಟ್ಟೆ. ಹೆದರಿಕೆಯಲ್ಲಿ ಗಾದೆ ಬಾಯಿಗೆ ಬಂತು. ಬಲಗಡೆಯ ಹೆಂಗಸು ನಕ್ಕರು. ಮಧ್ಯದವರು ನಗಲಿಲ್ಲ.

"ಎಷ್ಟಕ್ಕೆ ಮಾತಾಗಿದೆ?"

"ಏನು?"

"ಬೇರೆ ದೇಶದೋನು. ನಿಮ್ಮ ತಂದೆನ ಕಂಡು ಎರಡೂವರೆ ತಿಂಗಳೂ ಆಗಿಲ್ಲ. ಸುಮ್ಮನೆ ಹೊಟ್ಟೆ ಕೊಯ್ಸಿಕೊಳ್ತಾನಾ?" ವೀಸಾ ಕಚೇರಿಯಿಂದ ತರಿಸಿದ ಅವನ ಫೈಲು ತಿರುವಿ ಒಂದು ಹಾಳೆ ತೆಗೆದರು. "ಫೆಬ್ರವರಿಲಿ ನೀವೇ ಬರೆದಿದ್ದೀರಿ. 'ಆ ಮನುಷ್ಯನ ಕಣ್ಣು ನಿನ್ನ ಮೇಲಿದೆಯೋ, ನಮ್ಮ ಮನೆ ಅಂಗಡಿಯ ಮೇಲಿದೆಯೋ?' ನಿಮ್ಮ ಕೈಬರಹ ತಾನೆ? ಈಗ ಅಂಗಡಿ ಬರೆದುಕೊಡೋ ಮಾತಾಗಿದೆಯಾ?"

ನನ್ನ ಮಾತೇ ನನ್ನ ಕೊರಳಿಗೆ ಸುತ್ತಿಕೊಂಡಿತು. ಆ ಮನುಷ್ಯನ ಮುಖದಲ್ಲಿದ್ದ ಅನುಮಾನ ನೋಡಿದರೆ ಕನ್ನಡಿ ನೋಡಿದ ಹಾಗಿತ್ತು.

"ಆಗ ನಾನು ಅವನನ್ನ ನೋಡಿರಲಿಲ್ಲ ಸಾರ್. ಈಗ ಎಪ್ಪತ್ತು ದಿನದಿಂದ ನೋಡ್ತಿದ್ದೀನಿ. ಕೊಡೆ ಹಿಡ್ಕೊಂಡು ಹಿಂದೆ ಹೋಗಿ ನೋಡಿದ್ದೀನಿ. ಷೂ ಒಳಗೆ ಕೈ ಹಾಕಿ ನೋಡಿದ್ದೀನಿ. ಏನೂ ಸಿಕ್ಕಲಿಲ್ಲ. ಸಿಕ್ಕಿದ್ರೆ ಬಿಡೋಳಲ್ಲ ನಾನು ಅನ್ನೋದು ಆ ಕಾಗದ ಓದಿದ ನಿಮಗೇ ಗೊತ್ತಾಗಬೇಕು. ಅವನಿಗೆ ನಾನು ಕೊಟ್ಟಿರೋದು ಎರಡು ಹೊತ್ತು ಊಟ. ತಟ್ಟೆನೂ ಅವನೇ ತೊಳೀತಾನೆ."

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಂಗಸು ಏನೋ ಪಿಸುಗುಟ್ಟಿದರು. ಮಧ್ಯದವರು ಪೆನ್ನು ತೆಗೆದು, ತಲೆ ಎತ್ತದೆ ಕೇಳಿದರು: "ಮನೆಯೋರದ್ದು ಯಾರದ್ದಾದರೂ ತಕರಾರು ಇದೆಯಾ?"

"ಇಲ್ಲ" ಅನ್ನಲು ಎರಡಕ್ಷರ ಸಾಕಿತ್ತು. ಪೆನ್ನು ಆಗಲೇ ಕಾಗದದ ಮೇಲಿತ್ತು. ಬಾಗಿಲ ಗಾಜಿನಲ್ಲಿ ಅಪ್ಪನ ತಲೆಯ ಹಿಂಭಾಗ ಕಾಣುತ್ತಿತ್ತು. ಕೂದಲು ಎಷ್ಟು ಉದುರಿದೆ ಅಂತ ಆಗಲೇ ಗಮನಿಸಿದ್ದು.

ನನ್ನ ಚೀಲದಿಂದ ನಿನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟೆ. "ಅವನ ಹೆಂಡತಿಗೆ ಒಪ್ಪಿಗೆ ಇಲ್ಲ. ಬಸುರಿ. ಬರೆದಿದ್ದಾಳೆ."

ಓದಿದರು. ಪೆನ್ನಿನ ಕ್ಯಾಪು ಹಾಕಿದರು. ಅಷ್ಟೇ.

ಯಾಕೆ ಕೊಟ್ಟೆ ಅಂತ ಕೇಳಬೇಡ, ನನಗೂ ಸರಿಯಾಗಿ ಗೊತ್ತಿಲ್ಲ. ತೋರಿಸುವುದಿಲ್ಲ ಅಂತ ಗೊತ್ತು ಅಂತ ಬರೆದಿದ್ದೆಯಲ್ಲ, ಆ ಸಾಲು ಇಷ್ಟು ದಿನ ನನ್ನನ್ನು ಕೂರಲು ನಿಲ್ಲಲು ಬಿಡಲಿಲ್ಲ. ಇನ್ನೂ ಒಂದು ಇದೆ. ಮಾರ್ಚಿನಲ್ಲಿ ಆ ವೀಸಾ ಕಚೇರಿಗೆ ಕಾಗದ ಹಾಕಿದ್ದೇನೆ ಅಂದಿದ್ದೆ. ಹಾಕಿರಲಿಲ್ಲ. ಬರೆದೂ ಇರಲಿಲ್ಲ. ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು. ಆದರೂ ಹೇಳಬೇಕು ಅನಿಸಿತು.

ಹೊರಗೆ ಬಂದಾಗ ಅಪ್ಪ "ಏನಂದ್ರು?" ಅಂದರು. "ಆಗಲ್ಲ ಅಂದ್ರು" ಅಂದೆ. "ಸರಿ, ಮನೆಗೆ ಹೋಗೋಣ" ಅಂದರು. ದುಭಾಷಿ ನಿನ್ನವನಿಗೆ ಎಲ್ಲ ಹೇಳಿರಬೇಕು. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಅಪ್ಪನನ್ನು ಎಂದಿನ ಹಾಗೇ ಎತ್ತಿ ಇಳಿಸುತ್ತಾನೆ, ಪಾತ್ರೆಗಳನ್ನು ಮಾತ್ರ ಸದ್ದು ಮಾಡಿ ತೊಳೆಯುತ್ತಾನೆ.

ಅಪ್ಪನಿಗೆ ನಿಜ ಹೇಳಿಲ್ಲ. ನೀನೂ ಹೇಳಬೇಡ. ಇದೊಂದು ನನ್ನ ಹತ್ತಿರವೇ ಇರಲಿ.

ಅಕ್ಕ


ಆಗಸ್ಟ್ 9

ಪ್ರೀತಿಯ ಚುಕ್ಕಿ,

ನಿನ್ನ ಜುಲೈ ಕಾಗದ ಬಂದು ತುಂಬ ದಿನವಾಯಿತು. "ಅಕ್ಕ, ಅವನು ಬಂದು ಸೇರಿದ. ನಾನು ಏನು ಬರೆಯಬೇಕೋ ತಿಳಿಯುತ್ತಿಲ್ಲ." ಅಷ್ಟೇ ಇತ್ತು. ನನಗೂ ಉತ್ತರ ತಿಳಿಯದೆ ಇಟ್ಟುಕೊಂಡಿದ್ದೆ.

ಅವನು ಹೊರಡುವ ಮೊದಲಿನ ಎರಡು ವಾರ ಏನೇನು ಮಾಡಿದ ಅಂತ ನಿನಗೆ ಹೇಳಿದ್ದಾನೋ ಇಲ್ಲವೋ. ಮೂರನೇ ದಿನಕ್ಕೆ ಸಿಟ್ಟು ಇಳಿಯಿತು. ಒಂದು ಬೆಳಿಗ್ಗೆ ಮೆಟ್ಟಿಲು ತೋರಿಸಿ, ತನ್ನನ್ನು ತೋರಿಸಿಕೊಂಡು, ಕೈ ಬೀಸಿ ಹೋಗುವ ಹಾಗೆ ಮಾಡಿದ. ಆಮೇಲೆ ಯಾರು ಎತ್ತುತ್ತಾರೆ ಅಂತ. ಇಬ್ಬರೂ ಸೇರಿ ಅಂಗಡಿಯ ಹಿಂದಿನ ಅರ್ಧವನ್ನು ಖಾಲಿ ಮಾಡಿದೆವು. ತಕ್ಕಡಿಗಳನ್ನೆಲ್ಲ ಗೋಡೆಗೆ ತಗುಲಿಹಾಕಿ ಅಪ್ಪನ ಮಂಚವನ್ನು ಕೆಳಗಿಳಿಸಿದೆವು. ಈಗ ಮಲಗಿದಲ್ಲಿಂದಲೇ "ಮುಳ್ಳು ನಡುಗ್ತಿದೆ, ಸರಿಯಾಗಿ ನೋಡು" ಅಂತ ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ. ಮೂತ್ರಪಿಂಡ ಬೇಕಾದವರ ಪಟ್ಟಿಯಲ್ಲಿ ಹೆಸರು ಬರೆಸಿದ್ದೇನೆ. ಮುಂದೆ ಇನ್ನೂರಕ್ಕೂ ಹೆಚ್ಚು ಜನ ಇದ್ದಾರೆ. ವೈದ್ಯೆ ಯಂತ್ರದ ಮೇಲೂ ವರ್ಷಗಟ್ಟಲೆ ಇರುವವರಿದ್ದಾರೆ ಅನ್ನುತ್ತಾರೆ. ನಾನು ಆ ಮಾತನ್ನು ಪೂರ್ತಿ ನಂಬುವುದಿಲ್ಲ, ಆದರೂ ವಾರಕ್ಕೊಮ್ಮೆ ಹೇಳಿಸಿಕೊಂಡು ಬರುತ್ತೇನೆ.

ಉಳಿದದ್ದು ವ್ಯಾನು. ನನ್ನನ್ನು ಹಿಡಿದು ಸ್ಟೇರಿಂಗ್ ಮುಂದೆ ಕೂರಿಸಿದ. ಈ ವಯಸ್ಸಿನಲ್ಲಿ ನನಗೆ ಕಲಿಸಿಕೊಟ್ಟವನಿಗೆ ಬರುತ್ತಿದ್ದದ್ದು ನಮ್ಮ ಭಾಷೆಯ ಹತ್ತು ಮಾತು. "ನಿಧಾನ ಅಕ್ಕ", "ಬ್ರೇಕ್ ಅಕ್ಕ", "ಅಳಬೇಡ ಅಕ್ಕ". ಎರಡು ಸಲ ಗೋಡೆಗೆ ಗುದ್ದಿದೆ. ಅವನು ಇಳಿದು, ಗೋಡೆಗೆ ಏನಾಯಿತು ಅಂತ ನೋಡಿ, ಮತ್ತೆ ಬಂದು ಕೂರುತ್ತಿದ್ದ. ಹೊರಡುವ ದಿನ ಅಪ್ಪನ ಪಕ್ಕ ಬಹಳ ಹೊತ್ತು ಕೂತಿದ್ದ. ಇಬ್ಬರೂ ಏನು ಮಾತಾಡಿದರೋ. ಒಬ್ಬರ ಭಾಷೆ ಒಬ್ಬರಿಗೆ ಬಾರದು.

ಜುಲೈ ಪೂರ್ತಿ ಬಾಡಿಗೆ ಗಾಡಿಯಲ್ಲೇ ಕರೆದೊಯ್ದೆ. ಹೋದ ವಾರ ಲೈಸೆನ್ಸು ಬಂತು. ಮೊನ್ನೆ ಮೊದಲ ಸಲ ಅಪ್ಪನನ್ನು ನಾನೇ ಕರೆದುಕೊಂಡು ಹೋದೆ. ನಿನಗೆ ನೆನಪಿರಬೇಕು, ಅಪ್ಪ ಯಾರ ಗಾಡಿಯಲ್ಲಿ ಕೂತರೂ ಬೆನ್ನು ನೆಟ್ಟಗೆ ಮಾಡಿ, ಮುಂದಿನ ಸೀಟು ಹಿಡಿದುಕೊಂಡು, ಓಡಿಸುವವರಿಗಿಂತ ಹೆಚ್ಚು ರಸ್ತೆ ನೋಡುತ್ತಾರೆ. ಹೋಗುವಾಗ ಹಾಗೇ ಕೂತಿದ್ದರು. ಬರುವಾಗ ದೊಡ್ಡ ಸೇತುವೆ ದಾಟಿದ ಮೇಲೆ ಹಿಂದಿನಿಂದ ಸದ್ದೇ ಇಲ್ಲ. "ಅಪ್ಪಾ" ಅಂದೆ. ಉತ್ತರವಿಲ್ಲ. ಕನ್ನಡಿಯಲ್ಲಿ ನೋಡಿದರೆ ತಲೆ ಒಂದು ಕಡೆ ಜೋತುಬಿದ್ದಿತ್ತು.

ಹೇಗೆ ಪಕ್ಕಕ್ಕೆ ತಿರುಗಿಸಿದೆನೋ, ಹೇಗೆ ನಿಲ್ಲಿಸಿದೆನೋ. ಇಳಿದು ಓಡಿ ಹಿಂದಿನ ಬಾಗಿಲು ತೆಗೆದೆ. ಬಾಯಿ ಅರ್ಧ ತೆರೆದಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಸಣ್ಣಗೆ ಗೊರಕೆ.

ಬಾಗಿಲು ಹಿಡಿದು ಅಲ್ಲೇ ನಿಂತೆ. ಗಾಡಿಗಳು ಹಾರ್ನ್ ಹೊಡೆಯುತ್ತಾ ಹೋದವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಯಾಕೆ ನಿಲ್ಲಿಸಿದೆ?"

"ಸುಮ್ಮನೆ ಅಪ್ಪ."

"ಹೋಗು. ಒಳ್ಳೆ ನಿದ್ದೆ ಬಂದಿತ್ತು" ಅಂದರು, ಮತ್ತೆ ಕಣ್ಣು ಮುಚ್ಚಿದರು.

ನಿನ್ನ ಪ್ರೀತಿಯ,
ಅಕ್ಕ